ಆ ಫೋಟೊದಲ್ಲಿ ಬಿದ್ದ ನೆರಳು

ಮಾನ್ಯ ಸಂಪಾದಕರೇ,

ಹೋದ ಸೋಮವಾರ ನಿಮ್ಮ ಜಿಲ್ಲಾ ಪುಟದಲ್ಲಿ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನ ಫೋಟೊ ಬಂದಿತ್ತು. ಮೂರು ಕಾಲಮ್ ಅಗಲ. ಕೆಳಗೆ ‘ಓದುಗರು ಕಳಿಸಿದ ಚಿತ್ರ’ ಅಂತ ಇತ್ತು. ತಿರುವಿನಲ್ಲಿ ಒಂದು ಗಾಡಿ ಎಡಕ್ಕೆ ವಾಲಿದೆ. ಸವಾರ ಎಡಗಾಲು ಚಾಚಿದ್ದಾನೆ. ಹಿಂದೆ ಕೆಂಪು ಧೂಳು. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ನಾಲ್ಕು ಜನ ‘ಸೂಪರ್’ ಅಂದರು. ನಾನೂ ಮೊದಲು ಹಾಗೇ ಅಂದೆ. ಅರ್ಧ ಟೀ ಮುಗಿಯುವ ಹೊತ್ತಿಗೆ ಫೋಟೊದ ಕೆಳಗಡೆ ಬಿದ್ದಿದ್ದ ನೆರಳು ಕಂಡಿತು. ಉಳಿದ ಟೀ ಅಲ್ಲೇ ಆರಿಹೋಯಿತು.

ನಾನು ಮೈಸೂರಿನ ಒಂಟಿಕೊಪ್ಪಲಿನವನು. 35 ವರ್ಷದಿಂದ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಸೀಮಂತ, ಪಾಸ್‌ಪೋರ್ಟ್ ಸೈಜು, ಇದು ಹೊಟ್ಟೆಪಾಡು. ಬೈಕ್ ರೇಸಿನ ಫೋಟೊ ತೆಗೆಯೋದು ಹುಚ್ಚು. ಅದರಿಂದ ನಾಲ್ಕು ಕಾಸು ಹುಟ್ಟಿದ್ದು ಕಡಿಮೆ. ಕ್ಯಾಮೆರಾ ಒಳಗೆ ಹೋದ ಧೂಳು ತೆಗೆಸಲು ಕೊಟ್ಟ ದುಡ್ಡೇ ಜಾಸ್ತಿ. ಓದುಗರ ಪತ್ರ ಚಿಕ್ಕದಾಗಿರಲಿ ಅಂತ ನೀವು ಪ್ರತಿ ಸಲ ಅಚ್ಚು ಹಾಕುತ್ತೀರಿ. ಈ ಸಲ ಕ್ಷಮಿಸಬೇಕು.

ಆ ನೆರಳಿನ ವಿಷಯ. ಸೂರ್ಯ ಬೆನ್ನಿಗಿರಲಿ ಅಂತ ಕ್ಯಾಮೆರಾ ಹಿಡಿದ ಮೊದಲ ದಿನವೇ ನಾವೆಲ್ಲ ಕಲಿಯುತ್ತೇವೆ. ಈ ಫೋಟೊ ತೆಗೆದ ಹುಡುಗನೂ ಕಲಿತಿದ್ದಾನೆ. ಅದಕ್ಕೇ ಅವನ ನೆರಳು ಅವನ ಮುಂದೆ, ಟ್ರ್ಯಾಕಿನ ಮೇಲೆಯೇ ಬಿದ್ದಿದೆ. ಎರಡೂ ಮೊಣಕೈ ಎತ್ತಿ ಮೊಬೈಲ್ ಹಿಡಿದ ಆಳಿನ ನೆರಳು. ನೆರಳಿನ ತಲೆಗೂ ಗಾಡಿಯ ಮುಂದಿನ ಚಕ್ರಕ್ಕೂ ನಡುವೆ ಹೆಚ್ಚೆಂದರೆ ಒಂದು ಅಡಿ. ಫೈನಲ್ ಸಂಜೆ ನಾಲ್ಕೂವರೆಗೆ ನಡೆಯಿತು ಅಂತ ನಿಮ್ಮ ವರದಿಯಲ್ಲೇ ಇದೆ. ಮಾರನೇ ದಿನ ಅದೇ ಹೊತ್ತಿಗೆ ನಾನು ತಾರಸಿ ಹತ್ತಿ ಟೇಪ್ ಹಿಡಿದೆ. ನನ್ನ ಎತ್ತರ ಐದೂವರೆ ಅಡಿ. ನೆರಳು 11 ಅಡಿ ಬಂತು. “ಮದುವೆ ಆಲ್ಬಂ ಕೊಡೋದು ಬಿಟ್ಟು ನೆರಳು ಅಳೀತಾ ಕೂತಿದ್ದೀರಲ್ಲ” ಅಂತ ನಮ್ಮ ಮನೆಯವರು ಬಟ್ಟೆ ಒಣಹಾಕುತ್ತಾ ನಕ್ಕರು. ಲೆಕ್ಕ ಹಾಕಿ ನೋಡಿ. ಗಾಡಿಗೂ ಆ ಹುಡುಗನಿಗೂ ನಡುವೆ ಇದ್ದದ್ದು ಸುಮಾರು 12 ಅಡಿ. ನನ್ನ ಸ್ಟುಡಿಯೋ ಅದಕ್ಕಿಂತ ಉದ್ದ ಇದೆ.

ನೆರಳು ನಂಬದಿದ್ದರೆ ಚಕ್ರ ನೋಡಿ. ಮುಂದಿನ ಚಕ್ರ ಸವಾರನ ಎದೆಗಿಂತ ದೊಡ್ಡದಾಗಿ ಕಾಣುತ್ತಿದೆ. ಆಚೆ ಬದಿಯ ಜನ ಇರುವೆ ಸಾಲಿನ ಹಾಗಿದ್ದಾರೆ. ಮೊಬೈಲಿನ ಲೆನ್ಸ್ ಅಗಲ ನೋಡುತ್ತದೆ. ಹತ್ತಿರ ಹೋದರೆ ಹತ್ತಿರದ್ದು ಉಬ್ಬುತ್ತದೆ, ದೂರದ್ದು ಕುಗ್ಗುತ್ತದೆ. ಅದರ ಬದಲು ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿನಲ್ಲಿ ದೂರ ನಿಂತು ತೆಗೆದಿದ್ದರೆ ಹಿಂದಿನ ಜನ ಗಾಡಿಯ ಬೆನ್ನಿಗೇ ಅಂಟಿಕೊಂಡ ಹಾಗೆ ಬರುತ್ತಿದ್ದರು. ಫೋಟೊ ತೆಗೆದವನು ಎಲ್ಲಿ ನಿಂತಿದ್ದ ಅನ್ನೋದನ್ನ ಫೋಟೊನೇ ಹೇಳಿಬಿಡುತ್ತದೆ.

ಅವನು ನಿಂತಿದ್ದು ತಿರುವಿನ ಹೊರಬದಿ. ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವಾಗ ಹಗ್ಗ ಬಿಟ್ಟರೆ ಕಲ್ಲು ಎತ್ತ ಹೋಗುತ್ತದೆ? ಬೀಸಿದವನ ಕಾಲಬುಡಕ್ಕಂತೂ ಬೀಳುವುದಿಲ್ಲ. ಗಾಡಿಯೂ ಹಾಗೇ. ಟೈರಿನ ಹಿಡಿತ ತಪ್ಪಿದರೆ ತಿರುವಿನ ಹೊರಗಡೆಗೇ ನುಗ್ಗುತ್ತದೆ. ಗಂಟೆಗೆ 40 ಕಿ.ಮೀ. ಅಂತ ಇಟ್ಟುಕೊಳ್ಳಿ, ನಮ್ಮ ಸಿಟಿ ಬಸ್ಸಿನ ಓಟ. ಸೆಕೆಂಡಿಗೆ 11 ಮೀಟರ್, ಅಂದರೆ 36 ಅಡಿ. 12 ಅಡಿ ದಾಟಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಮೊಬೈಲ್ ಪರದೆ ನೋಡುತ್ತಾ ನಿಂತವನು ಅಷ್ಟರಲ್ಲಿ ‘ಅಯ್ಯೋ’ ಅನ್ನಲೂ ಆಗಲ್ಲ.

ಇದೆಲ್ಲ ಗೊತ್ತಿದ್ದೂ ನಾನೇ ಅಲ್ಲಿ ನಿಂತಿದ್ದೆ. ಅದಕ್ಕೇ ಈ ಪತ್ರ.

ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದರು. 1961ರಲ್ಲಿ ಅಲ್ಲಿಂದ ಗಾಡಿ ಹೊರಬರಲು ಶುರುವಾಯಿತು. 1973ರಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಆಯಿತು. 1996ರಲ್ಲಿ ಗೇಟು ಮುಚ್ಚಿತು. ಆ ಗಾಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಂತ ಇರಲಿಲ್ಲ. ಒದ್ದು ಸ್ಟಾರ್ಟ್ ಮಾಡಿ, ಅದೇ ಲಿವರ್ ಮುಂದಕ್ಕೆ ತಂದರೆ ಗೇರ್. ಎರಡು ಕಡೆ ಎರಡು ಸೈಲೆನ್ಸರ್. ಅಪ್ಪನ ಷರಟು ಒಗೆದು ಒಣಗಿಸಿದರೂ ಟೂ-ಟಿ ಆಯಿಲ್ ವಾಸನೆ ಹೋಗುತ್ತಿರಲಿಲ್ಲ. ಇಂಥ ಮನೆಯಲ್ಲಿ ಹುಟ್ಟಿದವನಿಗೆ ರೇಸಿನ ಹುಚ್ಚು ಹಿಡಿಯದೇ ಇರುತ್ತದಾ?

1988ರಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರ ಬೆನ್ನು ಹತ್ತಿ ರೈಲಿನಲ್ಲಿ ಮದ್ರಾಸಿಗೆ ಹೋದೆ. ಆಗ ರೇಸು ಅಂದರೆ ಶೋಲಾವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಅದು. (ಈಗ ಶ್ರೀಪೆರಂಬುದೂರು ಹತ್ತಿರದ ಇರುಂಗಾಟುಕೋಟೈಯಲ್ಲಿ ರೇಸಿಗೇ ಅಂತ ಕಟ್ಟಿದ ಟ್ರ್ಯಾಕ್ ಇದೆ.) ನನ್ನ ಕೈಯಲ್ಲಿ ರಷ್ಯಾದ ಝೆನಿತ್ ಕ್ಯಾಮೆರಾ. ಕಬ್ಬಿಣದ ತುಂಡಿನ ಹಾಗೆ ಭಾರ. ಅದರ ಅತಿ ಜೋರಾದ ಶಟರ್ ಅಂದರೆ 1/500, ಒಂದು ಸೆಕೆಂಡಿನ ಐನೂರನೇ ಒಂದು ಭಾಗ. ಒಳಗೆ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನವರ ‘ಇಂದು’ ಕಪ್ಪು-ಬಿಳುಪು ರೋಲ್. 36 ಫೋಟೊ, ಮುಗಿಯಿತು. ಮನೆಗೆ ಬಂದು ತೊಳೆದು ನೋಡಿದರೆ 29ರಲ್ಲಿ ಬರೀ ರಸ್ತೆ. ನಾಲ್ಕರಲ್ಲಿ ಹಿಂದಿನ ಚಕ್ರ. ಗಾಡಿ ಎದುರಿಗೆ ಬಂದಮೇಲೆ ಒತ್ತಿದರೆ ಅಷ್ಟೇ ಸಿಗೋದು. ಬರುವ ಮುಂಚೆ ಒತ್ತಬೇಕು ಅನ್ನೋದು ಆಗ ಗೊತ್ತಿರಲಿಲ್ಲ. ಧಾರೆ ಫೋಟೊ ತೆಗೆಯುವವರಿಗೆ ಇದು ಗೊತ್ತು. ನೀರು ಬೀಳೋದು ಕಂಡಮೇಲೆ ಒತ್ತಿದರೆ ಬರೀ ಒದ್ದೆ ಕೈ ಬರುತ್ತದೆ.

ನಾನು ನಿಜವಾಗಿ ಕಲಿತದ್ದು ಮಂಡ್ಯ ಕಡೆಯ ಎತ್ತಿನಗಾಡಿ ರೇಸುಗಳಲ್ಲಿ. ಎತ್ತುಗಳ ಜೊತೆಗೇ ಸೊಂಟ ತಿರುಗಿಸುತ್ತಾ ಹೋಗಬೇಕು. ಕಾಲು ಮಾತ್ರ ಎಲ್ಲಿ ಒತ್ತುತ್ತೇವೋ ಆ ಕಡೆಗೇ ಊರಿರಬೇಕು. ಒತ್ತಿದ ಮೇಲೂ ತಿರುಗೋದು ನಿಲ್ಲಿಸಬಾರದು. ಶಟರ್ 1/60ಕ್ಕೆ ಇಟ್ಟರೆ ಎತ್ತಿನ ಮುಖ ನಿಂತಿರುತ್ತದೆ, ಹಿಂದಿನ ತೆಂಗಿನಮರ, ಜನ, ಬಾವುಟ ಎಲ್ಲ ಗೆರೆಗೆರೆಯಾಗಿ ಹರಿದುಹೋಗುತ್ತದೆ. ಇದಕ್ಕೆ ಪ್ಯಾನಿಂಗ್ ಅಂತಾರೆ. ಈಗಿನ ಕ್ಯಾಮೆರಾಗಳಲ್ಲಿ 1/2000 ಇಟ್ಟು ತೆಗೆಯುತ್ತಾರೆ. ಚಕ್ರದ ಕಡ್ಡಿ ಒಂದೊಂದೂ ಎಣಿಸಬಹುದು. ಗಾಡಿ ಮಾತ್ರ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಹಾಗೆ ಕಾಣುತ್ತದೆ. ನಿಮ್ಮ ಫೋಟೊದಲ್ಲೂ ಆ ದೋಷ ಇದೆ. ಅದನ್ನು ಬೇರೆ ದಿನ ಜಗಳ ಆಡೋಣ.

1993ರ ಮಾತು. ಮೈಸೂರಿನ ಹೊರಗೆ ಒಂದು ಮೈದಾನದಲ್ಲಿ ಮಣ್ಣಿನ ರೇಸ್. ತಿರುವಿನ ಹೊರಬದಿಗೆ ಹಗ್ಗ ಕಟ್ಟಿದ್ದರು. ಹಗ್ಗದ ಮುಂದೆ ಹಳೇ ಟೈರುಗಳ ಸಾಲು. ನನ್ನ ಹತ್ತಿರ ಆಗ 135 ಎಂ.ಎಂ.ನ ಉದ್ದ ಲೆನ್ಸ್ ಇತ್ತು, ಹಗ್ಗದ ಹಿಂದೆ ನಿಂತೇ ತೆಗೆಯಬಹುದಿತ್ತು. ಆದರೆ ಪಕ್ಕದಲ್ಲಿ ಇನ್ನೊಬ್ಬ ಫೋಟೊಗ್ರಾಫರ್ ಹಗ್ಗ ದಾಟಿದ. ಅವನು ದಾಟಿದ ಮೇಲೆ ನಾನು ಸುಮ್ನೆ ಇರೋದು ಹೇಗೆ? ನಾನೂ ಹೋಗಿ ಟೈರಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಫ್ಲ್ಯಾಗ್ ಹಿಡಿದ ಹುಡುಗ ಒಂದು ಸಲ ಕೂಗಿದ. ಕೇಳಿಸದವನ ಹಾಗೆ ಇದ್ದೆ.

ಕೊನೇ ಲ್ಯಾಪ್. ಎರಡನೇ ಸ್ಥಾನದಲ್ಲಿ ಒಬ್ಬ ಹುಡುಗ ಯೆಜ್ಡಿ ಓಡಿಸುತ್ತಿದ್ದ. ಹಳೇ ಗಾಡಿ, ಮಡ್‌ಗಾರ್ಡ್ ಕಿತ್ತು, ಹ್ಯಾಂಡಲ್ ಬದಲಿಸಿ ತಾನೇ ರೆಡಿ ಮಾಡಿಕೊಂಡದ್ದು. ಅಪ್ಪ ಜೋಡಿಸಿದ ಎಂಜಿನ್ನೇ ಇರಬಹುದು ಅನ್ನೋ ಆಸೆ ನನಗೆ. ಅವನು ತಿರುವಿಗೆ ಬಂದ. ನನಗೆ ಟೈರ್ ಅಡ್ಡ ಬಂತು. ಎದ್ದು ನಿಂತೆ. ಒತ್ತಿದೆ. ಅಷ್ಟರಲ್ಲಿ ಗಾಡಿಯ ಮುಂದಿನ ಚಕ್ರ ಜಾರಿತು. ಗಾಡಿ ಒಂದು ಕಡೆ, ಹುಡುಗ ಒಂದು ಕಡೆ. ಕಾಲರ್ ಬೋನ್ ಮುರಿಯಿತು ಅಂತ ಆಮೇಲೆ ಗೊತ್ತಾಯಿತು.

ಫೋಟೊ ಅದ್ಭುತವಾಗಿ ಬಂದಿತ್ತು. ಅದನ್ನು ಸುಳ್ಳು ಹೇಳಲಾರೆ. ಚಕ್ರ ಜಾರುವ ಗಳಿಗೆ, ಮಣ್ಣು ಎದ್ದ ರೀತಿ, ಹುಡುಗನ ಕೈ ಹ್ಯಾಂಡಲ್ ಬಿಡುತ್ತಿರುವುದು, ಎಲ್ಲ ಇತ್ತು. ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ‘ವೇಗ ಹೆಚ್ಚಾಗಿ ಆಯತಪ್ಪಿದ ಸವಾರ’ ಅಂತ ಅಡಿಬರಹ. 75 ರೂಪಾಯಿ ಮನಿಯಾರ್ಡರ್ ಬಂತು. ದೊಡ್ಡ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಸ್ಟುಡಿಯೋದಲ್ಲಿ ಬಾಗಿಲಿನ ಎದುರಿಗೇ ತೂಗುಹಾಕಿದೆ. ಮದುವೆ ಆರ್ಡರ್ ಕೊಡಲು ಬಂದವರೆಲ್ಲ ಅದನ್ನೇ ನೋಡುತ್ತಿದ್ದರು.

ನಾಲ್ಕು ವರ್ಷ ಆದಮೇಲೆ ಒಬ್ಬ ಬಂದ. ಸೊಸೈಟಿ ಸಾಲಕ್ಕೆ ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕಿತ್ತು. ಸ್ಟೂಲ್ ಮೇಲೆ ಕೂರಿಸಿದೆ. ಎಡ ಹೆಗಲು ಇಳಿದಿತ್ತು. “ಹೆಗಲು ಸಮ ಮಾಡ್ಕೊಳ್ಳಿ” ಅಂದೆ. “ಇಷ್ಟೇ ಬರೋದು ಸಾರ್” ಅಂದ. ಮತ್ತೊಂದು ಸಲ ಅಂದೆ. ಅದೇ ಉತ್ತರ. ಹೇಗೋ ತೆಗೆದು ರಸೀದಿ ಬರೆಯುತ್ತಿದ್ದೆ. ಅವನು ಎದ್ದು ಗೋಡೆ ಮೇಲಿನ ಫೋಟೊ ಮುಂದೆ ನಿಂತ. ತುಂಬ ಹೊತ್ತು ನಿಂತ.

“ಇದು ತೆಗೆದದ್ದು ನೀವೇನಾ ಸಾರ್?”

“ಹೂಂ, ನಾನೇ.” ಹೆಮ್ಮೆಯಿಂದಲೇ ಹೇಳಿದೆ.

“ನೀವು ಇದ್ದಕ್ಕಿದ್ದ ಹಾಗೆ ಎದ್ದು ನಿಂತ್ರಿ. ಎಲ್ಲಿ ಬಂದು ಗುದ್ದಿಬಿಡ್ತೀನೋ ಅಂತ ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಮಣ್ಣಲ್ಲಿ ಮುಂದಿನ ಬ್ರೇಕ್ ಹಿಡೀಬಾರ್ದು ಅಂತ ಗೊತ್ತು. ಕೈ ಕೇಳಲಿಲ್ಲ.”

ಬೈಯಲಿಲ್ಲ. ಸಿಟ್ಟೂ ಇರಲಿಲ್ಲ. ಹವಾಮಾನದ ವಿಷಯ ಹೇಳಿದ ಹಾಗೆ ಹೇಳಿದ. ನಾನು ದುಡ್ಡು ಬೇಡ ಅಂದೆ. ಅವನು ಮೇಜಿನ ಮೇಲೆ ಇಟ್ಟೇ ಹೋದ. ಆಮೇಲೆ ರೇಸ್ ಓಡಿಸಿದೆಯಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅಂದು ಸಂಜೆ ಫ್ರೇಮ್ ಇಳಿಸಿದೆ. ಗೋಡೆಯಲ್ಲಿ ಮೊಳೆ ಈಗಲೂ ಇದೆ.

ಆಮೇಲೆ ಆ ಪ್ರಿಂಟನ್ನು ದೀಪದ ಕೆಳಗೆ ಇಟ್ಟುಕೊಂಡು ನೋಡಿದೆ. ನಾಲ್ಕು ವರ್ಷ ದಿನಾ ನೋಡಿದ ಫೋಟೊ, ಆದರೂ ಕಂಡಿರಲಿಲ್ಲ. ಗಾಡಿ ಓಡಿಸುವವರು ತಿರುವಿನಲ್ಲಿ ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡುತ್ತಾರೆ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ, ಸೈಕಲ್ ಕಲಿತ ಮಕ್ಕಳಿಗೂ ಇದು ಗೊತ್ತು. ಕಲ್ಲಿಗೆ ಗುದ್ದಬಾರದು ಅಂತ ಕಲ್ಲನ್ನೇ ನೋಡುತ್ತಾ ಹೋಗಿ ಅದಕ್ಕೇ ಗುದ್ದುತ್ತಾರಲ್ವಾ? ಆ ಹುಡುಗನ ಹೆಲ್ಮೆಟ್ ತಿರುವಿನ ಕಡೆ ತಿರುಗಿರಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಿತ್ತು.

ಈಗ ನಿಮ್ಮ ಸೋಮವಾರದ ಪತ್ರಿಕೆ ಮತ್ತೊಮ್ಮೆ ತೆಗೆಯಿರಿ. ಗಾಡಿ ಎಡಕ್ಕೆ ವಾಲಿದೆ. ಟ್ರ್ಯಾಕ್ ಎಡಕ್ಕೆ ಹೋಗಿದೆ. ಹೆಲ್ಮೆಟ್ ಎತ್ತ ತಿರುಗಿದೆ ನೋಡಿ.

ನಿಮ್ಮ ವರದಿಯಲ್ಲಿ ಯಾರೂ ಬಿದ್ದ ಸುದ್ದಿ ಇಲ್ಲ. ಸಂತೋಷ. ಆದರೆ ಮುಂದಿನ ರೇಸಿಗೆ ಅದೇ ತಿರುವಿನ ಹೊರಗೆ ಹತ್ತು ಹುಡುಗರು ಮೊಬೈಲ್ ಹಿಡಿದು ನಿಲ್ಲುತ್ತಾರೆ. ಯಾಕೆಂದರೆ ಮೂರು ಕಾಲಮ್ ಸಿಕ್ಕಿದ್ದು ಅಲ್ಲಿ ನಿಂತವನಿಗೆ. ನನ್ನ ತಂಗಿ ಮಗನೇ ಆ ಫೋಟೊ ವಾಟ್ಸಾಪಲ್ಲಿ ಕಳಿಸಿ, “ಮಾವ, ನೀವು ಯಾವಾಗಲೂ ಅಷ್ಟು ದೂರ ನಿಲ್ತೀರಲ್ಲ, ನೋಡಿ, ಇದು ಫೋಟೊ” ಅಂತ ಬರೆದಿದ್ದ.

ಅವನನ್ನು ಹೋದ ವಾರ ಒಂದು ಪ್ರಾಕ್ಟೀಸ್‌ಗೆ ಕರೆದುಕೊಂಡು ಹೋದೆ. ತಿರುವಿನ ಒಳಬದಿಗೆ, ಹಗ್ಗದ ಹಿಂದೆ ನಿಲ್ಲಿಸಿದೆ. ಒಳಗಡೆಯಿಂದ ಗಾಡಿ ನಮ್ಮ ಕಡೆಗೇ ವಾಲುತ್ತದೆ. ಸವಾರನ ಮೊಣಕಾಲು, ಟ್ಯಾಂಕು, ಹೆಗಲು ಎಲ್ಲ ಕಾಣುತ್ತದೆ. ಹೊರಬದಿಯಿಂದಲೇ ಬೇಕು ಅಂದರೆ ಎರಡನೇ ಹಗ್ಗದ ಆಚೆ, 60-70 ಅಡಿ ದೂರದಲ್ಲಿ ಉದ್ದ ಲೆನ್ಸ್ ಹಾಕಿ ನಿಲ್ಲಬೇಕು. ರೇಸ್ ಶುರುವಾದಾಗ ಮೊದಲ ತಿರುವಿನ ಹತ್ತಿರ ಸುಳಿಯಲೇಬಾರದು, ಎಲ್ಲಾ ಗಾಡಿ ಗುಂಪಾಗಿ ಬಂದು ಅಲ್ಲೇ ಬೀಳೋದು. ಟೇಬಲ್‌ಟಾಪ್ ಅಂದರೆ ಮೇಲೆ ಚಪ್ಪಟೆ ಇರುವ ಮಣ್ಣಿನ ದಿಬ್ಬ ಇದ್ದರೆ ಗಾಡಿ ಹಾರುವುದನ್ನು ಪಕ್ಕದಿಂದ ತೆಗೆಯಿರಿ, ಬಂದು ಇಳಿಯುವ ಕಡೆ ನಿಲ್ಲಬೇಡಿ. ಹಳದಿ ಫ್ಲ್ಯಾಗ್ ಬೀಸಿದರೆ ಮುಂದೆ ಯಾರೋ ಬಿದ್ದಿದ್ದಾರೆ ಅಂತ ಅರ್ಥ. ಆಗ ಫೋಟೊಗೆ ಅಂತ ಆ ಕಡೆ ಓಡುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಬೈಕುಗಳ ವಿಶ್ವ ಮಟ್ಟದ ರೇಸ್ ಮೋಟೊಜಿಪಿ ನಡೆದಾಗ ಟಿ.ವಿ.ಯಲ್ಲಿ ನಾನು ಗಾಡಿಗಿಂತ ಜಾಸ್ತಿ ಫೋಟೊಗ್ರಾಫರುಗಳನ್ನೇ ಹುಡುಕುತ್ತಿದ್ದೆ. ಎಲ್ಲರೂ ಬಣ್ಣದ ಜಾಕೆಟ್ ಹಾಕಿಕೊಂಡು ಬೇಲಿಯ ಹಿಂದೆ. ಜಗತ್ತಿನ ದೊಡ್ಡ ದೊಡ್ಡ ಫೋಟೊಗಳೆಲ್ಲ ಆ ಬೇಲಿಯ ಹಿಂದಿನಿಂದಲೇ ಬರುತ್ತವೆ.

ಇನ್ನು ರಿಂಗ್ ರಸ್ತೆಯ ವ್ಹೀಲಿ ಮಾಡುವ ಹುಡುಗರ ವಿಷಯ. ಅವರಿಗೆ ಬೈಯುವವರು ಬೇಕಾದಷ್ಟು ಜನ ಇದ್ದಾರೆ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿ ಶಿಕ್ಷೆಯೂ ಇದೆ. ನನಗೆ ಕಾಣೋದು ರೀಲ್ಸ್ ತೆಗೆಯುವ ಇನ್ನೊಬ್ಬ ಹುಡುಗ. ಮುಂದಿನ ಗಾಡಿಯಲ್ಲಿ ಹಿಂದುಮುಂದಾಗಿ ಕೂತು, ತಲೆಗೆ ಹೆಲ್ಮೆಟ್ ಇಲ್ಲದೆ, ಎರಡೂ ಕೈಯಲ್ಲಿ ಮೊಬೈಲ್ ಹಿಡಿದಿರುತ್ತಾನೆ. ಅವನ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ.

ನಮ್ಮ ರಾಜ್ಯದ ಸಿ.ಎಸ್. ಸಂತೋಷ್ 2015ರಲ್ಲಿ ಮರಳುಗಾಡು ದಾಟುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಅನ್ನುವ ಮರಳುಗಾಡಿನ ಬೈಕ್ ರೇಸುಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದವರು. ಇಂಥವರಾಗಬೇಕು ಅನ್ನೋ ಎಷ್ಟೋ ಮಕ್ಕಳು ಮೊದಲು ಓಡಿಸುವುದು ಊರ ಬದಿಯ ಮಣ್ಣಿನ ಮೈದಾನದಲ್ಲೇ. ಆ ಮೈದಾನದ ಫೋಟೊ ತೆಗೆಯಲು ನಮ್ಮ ಹುಡುಗರು ಬರಬೇಕು ಅಂತಲೇ ನನ್ನ ಆಸೆ. ಬರಬೇಡಿ ಅಂತ ಹೇಳಲು ಈ ಪತ್ರ ಬರೆದಿಲ್ಲ.

ನಿಮ್ಮಲ್ಲಿ ಕೇಳೋದು ಒಂದೇ. ರೇಸಿನ ಫೋಟೊ ಬಂದಾಗ ಕಳಿಸಿದವರಿಗೆ ಒಂದು ಫೋನ್ ಮಾಡಿ, ‘ಎಲ್ಲಿ ನಿಂತು ತೆಗೆದೆಯಪ್ಪಾ?’ ಅಂತ ಕೇಳಿ. ಹಗ್ಗದ ಮುಂದೆ ನಿಂತಿದ್ದರೆ, ಎಷ್ಟೇ ಚೆನ್ನಾಗಿರಲಿ, ಹಾಕಬೇಡಿ. ರೇಸ್ ನಡೆಸುವವರೂ ಇದನ್ನು ಓದುತ್ತಿದ್ದರೆ, ಮೊಬೈಲಿನವರಿಗೂ ಸೇರಿಸಿ ಒಳಬದಿಯಲ್ಲಿ ಒಂದು ಜಾಗಕ್ಕೆ ಹಗ್ಗ ಕಟ್ಟಿ ಕೊಡಿ. ಜಾಗ ಕೊಡದೆ ‘ಹಿಂದೆ ಹೋಗಿ, ಹಿಂದೆ ಹೋಗಿ’ ಅಂತ ಬರೀ ಕೂಗಿದರೆ ಯಾರೂ ಕೇಳಲ್ಲ. ನಾನೇ ಕೇಳಲಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಎಲ್ಲಿ ನಿಲ್ಲಬೇಕು ಅಂತ ತೋರಿಸಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ. ದುಡ್ಡು ಬೇಡ. ಮುಹೂರ್ತ ಇರುವ ಭಾನುವಾರ ಮಾತ್ರ ಕರೆಯಬೇಡಿ.

ಈ ಪತ್ರದ ಜೊತೆ 1993ರ ಆ ಪ್ರಿಂಟ್ ಇಟ್ಟಿದ್ದೇನೆ. ಅಚ್ಚು ಹಾಕಲು ಕಳಿಸಿದ್ದಲ್ಲ. ನಿಮ್ಮಲ್ಲಿ ಫೋಟೊ ಆರಿಸುವವರ ಮೇಜಿನ ಮೇಲೆ ಎರಡು ದಿನ ಇರಲಿ. ನೋಡಿದ ಮೇಲೆ ದಯವಿಟ್ಟು ವಾಪಸ್ ಕಳಿಸಿ. ನೆಗೆಟಿವ್‌ಗೆ ಬೂಷ್ಟು ಹಿಡಿದು ಹಾಳಾಗಿದೆ, ಉಳಿದಿರೋದು ಇದೊಂದೇ. ಸ್ಟಾಂಪ್ ಹಚ್ಚಿದ ಕವರ್ ಒಳಗೇ ಇದೆ.

ಇತಿ,
ಒಬ್ಬ ಸ್ಟುಡಿಯೋದವ
ಒಂಟಿಕೊಪ್ಪಲು, ಮೈಸೂರು